ಎರಡು ಬೀಗದ ಬೀರು

ಬ್ಯಾಂಕಿನ ತಿಜೋರಿಗೆ ಎರಡು ಕೀಲಿ. ಇಬ್ಬರು ಅಧಿಕಾರಿಗಳ ಬಳಿ ಒಂದೊಂದು. ಒಬ್ಬನೇ ಹೋಗಿ ತೆರೆಯುವಂತಿಲ್ಲ. ದಾವಣಗೆರೆಯಿಂದ ವಿಜಯವಾಡದ ಒನ್ ಟೌನ್ ಶಾಖೆಗೆ ವರ್ಗವಾಗಿ ಬಂದ ಭರತೇಶ ಈ ನಿಯಮವನ್ನು ಮನೆಗೂ ತಂದಿದ್ದ. ಮಗಳು ಅಕ್ಷಯಾಗೆ ಎರಡು ವರ್ಷ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಅದಕ್ಕೇ ಚಾಕು, ಲೈಟರ್, ಫಿನಾಯಿಲ್, ಮಾತ್ರೆ ಎಲ್ಲವನ್ನೂ ಕಬ್ಬಿಣದ ಬೀರುವಿನಲ್ಲಿ ತುಂಬಿ ಎರಡು ಬೀಗ ಜಡಿದಿದ್ದ. ಒಂದು ಕೀಲಿ ಅವನ ಉಡಿದಾರದಲ್ಲಿ, ಇನ್ನೊಂದು ಹೆಂಡತಿ ಜಾಹ್ನವಿಯ ಬ್ಯಾಗಿನಲ್ಲಿ. ನಗಬೇಡಿ! ಮಗುವಿಗಾಗಿ ಇಷ್ಟು ತಲೆ ಕೆಡಿಸಿಕೊಳ್ಳುವ ಅಪ್ಪಂದಿರು ಎಷ್ಟು ಜನ ಇದ್ದಾರೆ ಹೇಳಿ?

ಅಂದು ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಜಾಹ್ನವಿ ಆಫೀಸು ಕೆಲಸಕ್ಕೆಂದು ಬೆಳಗಿನ ರೈಲಿಗೇ ವಿಶಾಖಪಟ್ಟಣದ ಹತ್ತಿರದ ದುವ್ವಾಡಕ್ಕೆ ಹೊರಟಿದ್ದಳು. ಒಂಬತ್ತಕ್ಕೆ ಮಗು ಹಸಿವೆಂದು ರಾಗ ಎಳೆಯಿತು. ಒಲೆ ಹಚ್ಚಲು ಲೈಟರ್ ಇಲ್ಲ.

"ಏ, ನಿನ್ ಕೀಲಿ ಎಲ್ಲಿಟ್ಟೀಯೇ?" ಎಂದು ಫೋನಿನಲ್ಲಿ ಕೇಳಿದ.

"ನನ್ ಬ್ಯಾಗಲ್ಲೇ ಐತಲ್ರೀ. ಯಾರ ಕೈಗೂ ಕೊಡಬ್ಯಾಡ ಅಂದೋರು ನೀವೇ ಅಲ್ವಾ?"

ಬೇರೆ ದಾರಿ ಕಾಣದೆ ಎದುರು ಮನೆಯ ದುರ್ಗಾಂಬಳ ಬಾಗಿಲು ತಟ್ಟಿದ. ಬಳ್ಳಾರಿಯಲ್ಲಿ ಹುಟ್ಟಿದಾಕೆ, ಕನ್ನಡ ಬರುತ್ತಿತ್ತು.

"ಅಯ್ಯೋ ದೇವುಡಾ! ಮಗು ಉಪವಾಸ ಇದೆಯಾ? ನಾನಿದ್ದೀನಿ ನಡೀರಿ!"

ಆಕೆಯ ಗಂಟಲಿಗೆ ಇಡೀ ಬಿಲ್ಡಿಂಗೇ ಬಂತು. ಒಬ್ಬರು ಲೈಟರ್ ತಂದರು, ಒಬ್ಬರು ಚಾಕು. ಬೀಗ ಒಡೆಯಲು ಒಬ್ಬ ಸುತ್ತಿಗೆ, ಉಳಿ ತಂದ. ದುರ್ಗಾಂಬ ಹಬೆಯಾಡುವ ಚಾರು, ಅಂದರೆ ನಮ್ಮ ತಿಳಿಸಾರಿನ, ಪಾತ್ರೆಯನ್ನೇ ಎತ್ತಿ ತಂದಳು. ಮಗುವಿಗೆ ಕುಡಿಸುತ್ತಿದ್ದ ಹಾಲನ್ನು ಯಾರೋ ಚೆಲ್ಲಿದರು. ನೆಲ ಒರೆಸಲು ಅಸೋಸಿಯೇಷನ್ನಿನ ಸೆಕ್ರೆಟರಿ ರಮಾಕಾಂತ ಕೂಲ್‌ಡ್ರಿಂಕ್ ಬಾಟಲಿಯಲ್ಲಿ ಫಿನಾಯಿಲ್ ತಂದಿಟ್ಟ. ಎಲ್ಲವೂ ನೆಲದ ಮೇಲೆ, ಅಕ್ಷಯಾಳ ಕೈಗೆಟುಕುವಂತೆ!

ಮೊದಲು ಯಾವ ಬೀಗ ಒಡೆಯಬೇಕೆಂದು ಜೋರು ಚರ್ಚೆ ನಡೆಯಿತು. ಮಗುವಿನ ಮೇಲೆ ಕಣ್ಣಿಟ್ಟಿದ್ದವನು ಭರತೇಶ ಒಬ್ಬನೇ. ಅಕ್ಷಯಾ ಆ ಬಾಟಲಿಯ ಮುಚ್ಚಳ ತಿರುವಿ, ಬಾಯಿಗೆ ಎತ್ತಿದಳು.

"ಪುಟ್ಟೀ!"

ಹಾರಿದ. ಬಾಟಲಿ ಮೂಲೆಗೆ ಸಿಡಿಯಿತು, ಮಗು ತೋಳಿಗೆ ಬಂತು, ಅವನ ಬಲಗಾಲು ಚಾರಿನ ಪಾತ್ರೆಯೊಳಗೆ ಇಳಿಯಿತು. ಮೂರು ಸಲ ಮಗುವಿನ ಬಾಯಿ ಮೂಸಿದ. ಬರೀ ಹಾಲಿನ ವಾಸನೆ. ಅವಳನ್ನು ಅವುಚಿಕೊಂಡು, ಅಷ್ಟು ಜನರ ಮುಂದೆ ನಾಚಿಕೆಯಿಲ್ಲದೆ ಅತ್ತುಬಿಟ್ಟ.

"ಸುಟ್ಟಗಾಯದ ಮುಲಾಮು ಎಲ್ಲಿದೆ ಸರ್?" ಎಂದಳು ದುರ್ಗಾಂಬ.

"ಬೀರುವಿನಲ್ಲಿ," ಎಂದ ಬಿಕ್ಕುತ್ತಲೇ. ನಲ್ಲಿ ನೀರೇ ಗತಿಯಾಯಿತು.

ರಮಾಕಾಂತ ತಲೆ ತಗ್ಗಿಸಿ ನಿಂತಿದ್ದ. ಈ ಬಿಲ್ಡಿಂಗಿನಲ್ಲಿ ಹನ್ನೊಂದು ಮಕ್ಕಳಿದ್ದಾರೆ, ಬುದ್ಧಿಯಿರುವ ಅಪ್ಪ ಮಾತ್ರ ಒಬ್ಬನೇ ಎಂದು ತೆಲುಗಿನಲ್ಲಿ ಘೋಷಿಸಿದ. ಎಲ್ಲರೂ ಹೌದೆಂದರು. ಭರತೇಶನ ಎದೆ ಎರಡು ಇಂಚು ಉಬ್ಬಿತು.

ರಾತ್ರಿ ಜಾಹ್ನವಿ ಬಂದು ಬೀರು ತೆರೆಯುವುದಕ್ಕೂ ಬಾಗಿಲ ಗಂಟೆ ಸದ್ದಾಗುವುದಕ್ಕೂ ಸರಿಹೋಯಿತು. ಹೊರಗೆ ಅಷ್ಟೂ ಮನೆಯವರು ಸಾಲುಗಟ್ಟಿ ನಿಂತಿದ್ದರು. ಕೈಯಲ್ಲಿ ಫಿನಾಯಿಲ್, ಇಲಿ ಪಾಷಾಣ, ಚಾಕು, ಲೈಟರ್.

"ನಮ್ಮನೇಲಿ ಇಟ್ರೆ ಭಯ ಅಂಡಿ," ಎಂದಳು ದುರ್ಗಾಂಬ, ತೆಲುಗಿನ ಮರ್ಯಾದೆ ಸೇರಿಸಿ. "ನಿಮ್ಮ ಬೀರುನಲ್ಲೇ ಇರಲಿ."

ಹನ್ನೊಂದು ಮಕ್ಕಳ ಮುಖ ಕಣ್ಣಮುಂದೆ ಬಂದು, ಭರತೇಶ ಬೀರುವಿನ ಬಾಗಿಲನ್ನು ಅಗಲಕ್ಕೆ ತೆರೆದ. ಜಾಹ್ನವಿಯಂತೂ ಹೆಮ್ಮೆಯಿಂದ ತಾನೇ ಒಂದೊಂದಾಗಿ ಜೋಡಿಸಿಟ್ಟಳು.

ಭಾನುವಾರ ಬೆಳಿಗ್ಗೆ ಐದೂವರೆಗೆ ಬಾಗಿಲ ಗಂಟೆ ಸದ್ದಾಯಿತು. ಕುಂಟುತ್ತಾ ಹೋಗಿ ಬಾಗಿಲು ತೆರೆದರೆ, ಮೆಟ್ಟಿಲ ಕೊನೆಯವರೆಗೂ ಜನ.

"ಕಾಫಿಗೆ ಒಲೆ ಹಚ್ಚಬೇಕು," ಎಂದಳು ಮುಂದೆ ನಿಂತಿದ್ದ ದುರ್ಗಾಂಬ. "ಲೈಟರ್ ಕೊಡಿ ಸರ್. ಒಲೆ ಹಚ್ಚಿ ಈಗಲೇ ವಾಪಸ್ ತರ್ತೀನಿ. ಆಮೇಲೆ ತರಕಾರಿ ಹೆಚ್ಚೋಕೆ ಚಾಕುಗೆ ಬರ್ತೀನಿ."