ಮಗಳಿಗಾಗಿ ನಾನು ಆಡು ಕದ್ದದ್ದು

ದೇವದುರ್ಗದಲ್ಲಿ ನಾನು ಎಂಥ ದರ್ಜಿ ಎಂದರೆ, ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲೇ ಅವನ ಎದೆ, ಹೆಗಲು, ತೋಳು ಎಲ್ಲವನ್ನೂ ಕಣ್ಣಲ್ಲೇ ಅಳೆದು ಮುಗಿಸುತ್ತಿದ್ದೆ. ಟೇಪು ಹಿಡಿಯುತ್ತಿದ್ದುದು ಬರೀ ಅವನ ಸಮಾಧಾನಕ್ಕೆ. ಇಂಥ ನನಗೆ ಆರು ವರ್ಷದ ಮಗಳ ಮನಸ್ಸು ಅಳೆಯುವುದು ಯಾವ ದೊಡ್ಡ ಮಾತು!

ಆಗ ಜರ್ಮನಿ ಲಡಾಯಿ ನಡೆದಿತ್ತು. ಬಟ್ಟೆಗೆ ಕಂಟ್ರೋಲ್ ಬಂದು, ದೇವದುರ್ಗದ ಜನ ಹರಿದ ಅಂಗಿಗೇ ತೇಪೆ ಹಾಕಿಕೊಂಡು ತಿರುಗತೊಡಗಿದರು. ಆ ತೇಪೆಯನ್ನೂ ಮನೆಯಲ್ಲೇ ಹಾಕಿಕೊಳ್ಳುತ್ತಿದ್ದರು. ರಾಯಚೂರಿನಲ್ಲಾದರೆ ರೈಲ್ವೆ ಸ್ಟೇಷನ್ ಇದೆ, ಹತ್ತಿಯ ಬೀಜ ಬಿಡಿಸುವ ಜಿನ್ನುಗಳಿವೆ, ನೌಕರಿಯವರಿದ್ದಾರೆ, ನೌಕರಿಯವರೆಂದ ಮೇಲೆ ಅಂಗಿ ತೊಡಲೇಬೇಕು. ಹೀಗೆ ಲೆಕ್ಕ ಹಾಕಿ ಸಂಸಾರ ಕಿತ್ತೆ.

ಇದ್ದದ್ದು ಒಂದೇ ಬಂಡಿ. ಹೊಲಿಗೆ ಮಶೀನಿಗೆ ಮೊದಲ ಮರ್ಯಾದೆ. ಎರಡು ಕೌದಿ ಸುತ್ತಿ, ಮದುಮಗಳನ್ನು ಕೂರಿಸಿದ ಹಾಗೆ ನಡುವೆ ಕೂರಿಸಿದೆ. ಉಳಿದ ಜಾಗದಲ್ಲಿ ಉಳಿದ ಸಂಸಾರ. ಬೀಸುಕಲ್ಲು ಹಿಡಿಸಲಿಲ್ಲ, ನೆರೆಮನೆಗೆ ಕೊಟ್ಟೆವು. ತೊಟ್ಟಿಲು ಹಿಡಿಸಲಿಲ್ಲ, ಅದನ್ನೂ ಕೊಟ್ಟೆವು. ಮಗಳು ಪಾರಿ ಆಡಿಸಿ ಬೆಳೆಸಿದ ಚುಕ್ಕಿ ಎಂಬ ಆಡು, ಮಾನ್ವಿಯಲ್ಲಿದ್ದ ನನ್ನ ಹೆಂಡತಿಯ ಅಕ್ಕನ ಮನೆಗೆ ಹೋಯಿತು. ಕೊನೆಗೆ ಮಗಳನ್ನೂ ಎತ್ತಿ ಕೂರಿಸುವಾಗ, ಬೀಳ್ಕೊಡಲು ಬಂದವರೆಲ್ಲ ಅಳುಮೋರೆ ಹಾಕಿ ನಿಂತಿದ್ದರಲ್ಲ, ಅವರನ್ನು ನಗಿಸೋಣವೆಂದು ಒಂದು ಮಾತು ಅಂದೆ: "ನೀ ಒಂದೀಟು ದೊಡ್ಡಾಕಿ ಆಗಿದ್ರ ನಿನ್ನೂ ಇಲ್ಲೇ ಬಿಡಬೇಕಾಗ್ತಿತ್ತು ನೋಡಬೇ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಪಾರಿ ನಕ್ಕಳೋ ಇಲ್ಲವೋ ನೋಡಲಿಲ್ಲ. ನನ್ನ ಹಾಸ್ಯದ ರುಚಿ ನಾನೇ ಸವಿಯುತ್ತಿದ್ದೆ.

ರಾಯಚೂರಿಗೆ ಬಂದ ಮೇಲೆ ಪಾರಿಯ ಮಾತು ನಿಂತಿತು. ಮೊದಲು ಅವಳ ಬಾಯಿ ಮಶೀನಿನ ಚಕ್ರದ ಹಾಗೆ ತಿರುಗುತ್ತಿತ್ತು. ಈಗ ಕೇಳಿದ್ದಕ್ಕೆ "ಹೂಂ", ಕೇಳದಿದ್ದರೆ ಅದೂ ಇಲ್ಲ. ಅರ್ಧ ರೊಟ್ಟಿ ತಿಂದು ಕೈ ತೊಳೆದುಬಿಡುವಳು.

"ಏನ್ರಿ, ಹುಡುಗಿ ಉಣವಲ್ದು, ಮಾತಾಡವಲ್ದು. ನನಗ ಹೆದರಿಕಿ ಆಗಾಕತ್ತೈತಿ," ಎಂದಳು ಹೆಂಡತಿ ಶಾಂತವ್ವ.

"ಊರು ಬದಲಾಗಿದ್ದಕ್ಕ ಹಂಗ. ನಾ ಸರಿ ಮಾಡ್ತೀನಿ, ನೀ ಸುಮ್ನಿರು," ಎಂದೆ.

ಮೊದಲು ಮಿಠಾಯಿ ತಂದೆ. ಪಾರಿ ಅದನ್ನು ಮೂಸಿ ನೋಡಿ, "ಬ್ಯಾಡ," ಎಂದಳು. ಅಷ್ಟನ್ನೂ ನಾನೇ ತಿಂದು, ರಾತ್ರಿ ಹಲ್ಲು ನೋವೆಂದು ಲವಂಗ ಕಚ್ಚಿಕೊಂಡು ಮಲಗಿದೆ.

ಆಮೇಲೆ ಹೊಳೆಯಿತು. ಅಪ್ಪ ದರ್ಜಿ, ಮಗಳ ಮೈಮೇಲೆ ಹಳೇ ಲಂಗ! ಕೂಸಿಗೆ ದುಃಖವಾಗದೆ ಇನ್ನೇನು? ಶಾಂತವ್ವನ ಹಳೇ ಸೀರೆ ಬಿಚ್ಚಿ ಹರಡಿ, ಪಾರಿಯನ್ನು ಮುಂದೆ ನಿಲ್ಲಿಸಿ, ಟೇಪು ಹಿಡಿದೆ. ಸೊಂಟದಿಂದ ಪಾದದವರೆಗೆ ಅಳೆದವನೇ ಖುಷಿಯಿಂದ ಕೂಗಿದೆ: "ಅಬ್ಬಬ್ಬಾ! ಎರಡು ಬೆರಳು ಬೆಳದೀಯಲ್ಲಬೇ ಪಾರೀ! ಹಿಂಗ ಬೆಳದ್ರ ನಾಳೆ ನೀ ನನಗಿಂತ ದೊಡ್ಡಾಕಿ!"

ಪಾರಿ ಹೋ ಎಂದು ಅಳತೊಡಗಿದಳು. ಎಂಥ ಅಳು! ಎದುರುಮನೆಯವರು ಬಾಗಿಲಿಗೆ ಬಂದು ನಿಂತರು. ನಾನು ಸೂಜಿಯೇನಾದರೂ ಚುಚ್ಚಿತೋ ಎಂದು ಅವಳ ಕಾಲೆಲ್ಲ ತಡವಿದೆ. ಅಂದು ರಾತ್ರಿ ಅವಳು ಅರ್ಧ ರೊಟ್ಟಿಯನ್ನೂ ಮುಟ್ಟಲಿಲ್ಲ.

"ಸರಿ ಮಾಡ್ತೀನಿ ಅಂದ್ರಿ," ಎಂದಳು ಶಾಂತವ್ವ. ಇಷ್ಟೇ ಅಂದಳು. ಹೆಚ್ಚು ಅಂದಿದ್ದರೆ ಚಲೋ ಇತ್ತು.

ಯೋಚಿಸಿ ಯೋಚಿಸಿ ನಾನು ಅಂತಿಮ ತೀರ್ಮಾನಕ್ಕೆ ಬಂದೆ. ಮಗಳಿಗೆ ಚುಕ್ಕಿಯ ನೆನಪು ಕಾಡುತ್ತಿದೆ! ಚುಕ್ಕಿ ಬಂದರೆ ಮಾತು ಬರುತ್ತದೆ, ಮಾತು ಬಂದರೆ ಹಸಿವೆ ಬರುತ್ತದೆ. ಮರುದಿನವೇ ಅಂಗಡಿ ಮುಚ್ಚಿ ಮಾನ್ವಿಗೆ ಹೊರಟೆ.

ಮಾನ್ವಿಯಲ್ಲಿ ಹೆಂಡತಿಯ ಅಕ್ಕ ಹೊಲಕ್ಕೆ ಹೋಗಿದ್ದಳು. ಕಟ್ಟೆಯ ಮೇಲೆ ಅವಳ ಅತ್ತೆ ಕೂತಿದ್ದಳು. ಮುದುಕಿಗೆ ಕಿವಿ ಮಂದ.

"ನಾ ರಾಯಚೂರಿನ ದರ್ಜಿ ಯವ್ವಾ! ಆಡು ಒಯ್ಯಾಕ ಬಂದೀನಿ!" ಎಂದು ಕೂಗಿದೆ.

"ಹಾಡು ಹೇಳಾಕ ಬಂದೀಯಾ? ಹೇಳಪಾ," ಎಂದಳು ಮುದುಕಿ.

"ಹಾಡಲ್ಲ ಯವ್ವಾ, ಆಡು! ಆಡು!"

"ಕುಂತು ಹಾಡಪಾ ಮತ್ತ, ನಿಂತ್ಯಾಕ?"

ಇನ್ನು ಹಾಡಿಯೇ ತೀರಬೇಕಾದೀತೆಂದು ಹೆದರಿ ಸುತ್ತ ನೋಡಿದೆ. ಬೇವಿನ ಮರಕ್ಕೆ ಒಂದು ಆಡು ಕಟ್ಟಿತ್ತು. ಕಪ್ಪು ಮೈ, ಹಣೆಯ ಮೇಲೆ ಬಿಳಿ ಬೊಟ್ಟು. "ಚುಕ್ಕೀ!" ಎಂದೆ. ತಿರುಗಿ ನೋಡಿತು! ಗುರುತು ಹಿಡಿಯಿತಲ್ಲ ಎಂದು ನನ್ನ ಕಣ್ಣಲ್ಲಿ ನೀರೇ ಬಂತು. ಆಡು ಯಾರು ಕೂಗಿದರೂ ತಿರುಗಿ ನೋಡುತ್ತದೆ ಎಂಬ ಜ್ಞಾನ ಆಮೇಲೆ ಬಂತು. ಹಗ್ಗ ಬಿಚ್ಚಿ ತೋರಿಸಿ, "ಒಯ್ತೀನಿ ಯವ್ವಾ!" ಎಂದೆ. "ಚಂದ ಹಾಡಿದಿ," ಎಂದು ಮುದುಕಿ ಕೈಯೆತ್ತಿ ಹರಸಿದಳು.

ಪೆಟ್ರೋಲು ಸಿಗದ ಕಾಲ. ಬಸ್ಸು ಇದ್ದಲಿಯ ಹೊಗೆಯ ಮೇಲೆ ಓಡುತ್ತಿತ್ತು. ಓಡುತ್ತಿತ್ತು ಎಂದದ್ದು ಅದರ ಮೇಲಿನ ಗೌರವಕ್ಕೆ. ಕಲ್ಮಲದ ಹತ್ತಿರ ಕೆಮ್ಮಿ ಕೆಮ್ಮಿ ನಿಂತೇಬಿಟ್ಟಿತು.

"ಎಲ್ಲಾರೂ ಇಳೀರಿ, ನೂಕ್ರಿ!" ಎಂದ ಡ್ರೈವರ್. ಎಲ್ಲರೂ ಇಳಿದೆವು. ಆಡು ಇಳಿಯಲಿಲ್ಲ. ನಾನು ಹಿಂದಿನಿಂದ ಬಸ್ಸು ನೂಕುತ್ತಿದ್ದರೆ ಅದು ಕಿಟಕಿಯಿಂದ ತಲೆ ಹೊರಹಾಕಿ, ಜಮೀನು ನೋಡಲು ಹೊರಟ ಸಾಹುಕಾರನಂತೆ ಎಡಬಲ ನೋಡುತ್ತಿತ್ತು. "ಟಿಕೇಟು ತಗೊಂಡವ ನೀನೋ ಅದೋ?" ಎಂದು ಪಕ್ಕದಲ್ಲಿ ನೂಕುತ್ತಿದ್ದವನು ಕೇಳಿದ. ನಾನು ಇನ್ನಷ್ಟು ಬಗ್ಗಿ ನೂಕಿದೆ.

ದೀಪ ಹಚ್ಚುವ ಹೊತ್ತಿಗೆ ಮೈಯೆಲ್ಲ ಮಸಿಯಾಗಿ ಮನೆ ಸೇರಿದೆ. "ಪಾರೀ! ಯಾರು ಬಂದಾರ ನೋಡು!"

ಪಾರಿ ಬಂದು ಆಡನ್ನು ನೋಡಿದಳು. ನನ್ನನ್ನು ನೋಡಿದಳು. "ಅಪ್ಪಾ, ಇದು ಚುಕ್ಕಿ ಅಲ್ಲ," ಎಂದಳು.

"ಚುಕ್ಕೀದು ಒಂದು ಕೊಂಬು ಮುರದಿತ್ತಲ್ರೀ," ಎಂದಳು ಶಾಂತವ್ವ. "ಇದಕ ಎರಡೂ ಅದಾವ."

"ಮತ್ತ ಬೆಳದಿರಬಹುದು," ಎಂದೆ.

ಶಾಂತವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ.

ಮರುದಿನ ಮುಂಜಾನೆ ಓಣಿಯ ತುದಿಯಲ್ಲಿ ಗರ್ಜನೆ ಕೇಳಿಸಿತು. "ಆಡು ಕದ್ದ ದರ್ಜಿ ಮನಿ ಯಾವುದ್ರೀ?"

ಒಬ್ಬರಾದರೂ "ನಮ್ಮ ಓಣಿಯಲ್ಲಿ ಅಂಥವರಿಲ್ಲ" ಅನ್ನಬೇಡವೇ! ಎಲ್ಲರೂ ಒಟ್ಟಿಗೆ ನಮ್ಮ ಮನೆಯತ್ತ ಕೈ ತೋರಿಸಿದರು. ಬಂದವನು ನಿಂಗಪ್ಪ, ಮಾನ್ವಿಯಲ್ಲಿ ಹೆಂಡತಿಯ ಅಕ್ಕನ ನೆರೆಮನೆಯ ರೈತ. ಜಿನ್ನಿಗೆ ಹತ್ತಿ ಇಳಿಸಿ, ಖಾಲಿ ಬಂಡಿ ಹೊಡೆದುಕೊಂಡು ನೇರ ನಮ್ಮ ಬಾಗಿಲಿಗೇ ಬಂದಿದ್ದ. ನಾನು ತಂದದ್ದು ಅವನ ಆಡು. ಮುದುಕಿ ಹೇಳಿದ ಚಹರೆಯಿಂದಲೇ ಹೆಂಡತಿಯ ಅಕ್ಕ ನನ್ನನ್ನು ಗುರುತಿಸಿ, ನಮ್ಮ ಓಣಿಯ ಗುರುತು ಕೊಟ್ಟಿದ್ದಳಂತೆ. ನಮ್ಮ ಚುಕ್ಕಿ ಆ ಹೊತ್ತಿನಲ್ಲಿ ಮೇಯಲು ಹೋಗಿತ್ತಂತೆ.

ನಾನು ಕೈಮುಗಿದೆ. ಮಗಳು, ಮಾತು, ಮಿಠಾಯಿ, ಮುದುಕಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ನಿಂಗಪ್ಪನಿಗೆ ಏನು ತಿಳಿಯಿತೋ, ಮೀಸೆಯ ಕೆಳಗೆ ನಗು ಬಂತು. "ಎಲ್ಲೈತ್ರೀ ಆ ಕೂಸು?" ಎಂದ.

ಕೂಸು ಇರಲಿಲ್ಲ! ಬಾಗಿಲಿಗೆ ಬಂಡಿ ಬಂದು ನಿಂತಾಗ ನನ್ನ ಪಕ್ಕದಲ್ಲೇ ಇದ್ದವಳು ಮಾಯ. ಹಿತ್ತಲು ನೋಡಿದೆವು, ಬಾವಿಯ ಹತ್ತಿರ ಓಡಿದೆವು. ನಿಂಗಪ್ಪ ಆಡನ್ನು ಬಿಟ್ಟು ಓಣಿಯೆಲ್ಲ ಕೂಗುತ್ತ ಹೋದ. ಆಗ ಶಾಂತವ್ವ ಒಳಗಿನಿಂದ, "ಇಲ್ಲಿ ಬರ್ರಿ," ಎಂದು ಮೆಲ್ಲಗೆ ಕರೆದಳು.

ಮಶೀನಿನ ಪಕ್ಕ ನಾನು ಬಟ್ಟೆಯ ಚಿಂದಿ ಹಾಕುವ ಬುಟ್ಟಿ ಇತ್ತು. ಅದರೊಳಗೆ ಮೊಣಕಾಲನ್ನು ಗದ್ದಕ್ಕೆ ಒತ್ತಿಕೊಂಡು, ತಲೆಯ ಮೇಲೆ ಚಿಂದಿ ಹೊದ್ದು ಪಾರಿ ಕೂತಿದ್ದಳು.

"ಯಾಕವ್ವಾ, ಇಲ್ಯಾಕ ಕುಂತಿ?"

"ನಾ ಇನ್ನೂ ಸಣ್ಣಾಕಿನೇ ಅದೀನಪ್ಪಾ," ಎಂದಳು. "ನೋಡು, ಬುಟ್ಯಾಗ ಹಿಡಿಸ್ತೀನಿ. ಈ ಬುಟ್ಟಿ ಬಂಡ್ಯಾಗ ಇಟ್ರ ಸಾಕು. ರೊಟ್ಟಿ ಸುದ್ದಾ ಭಾಳ ತಿಂದಿಲ್ಲ. ಬಿಟ್ಟು ಹೋಗಬ್ಯಾಡ."

ದೇವದುರ್ಗದಲ್ಲಿ ನಾನು ಅಂದ ಮಾತು ಆಗ ನನಗೆ ಕೇಳಿಸಿತು. ನಗು ತೆಗೆದು ಬರೀ ಮಾತಷ್ಟೇ ಕೇಳಿಸಿತು. ಮೇಲಿಂದ ನಾನು ಟೇಪು ಹಿಡಿದು "ಎರಡು ಬೆರಳು ಬೆಳದೀ" ಎಂದು ಊರಿಗೆಲ್ಲ ಕೇಳುವಂತೆ ಕೂಗಿದ್ದೆನಲ್ಲ! ಬುಟ್ಟಿಯ ಮುಂದೆ ಕುಸಿದು ಕೂತೆ. ಅವಳ ತಲೆಯ ಮೇಲಿನ ಚಿಂದಿಯನ್ನು ಒಂದೊಂದಾಗಿ ತೆಗೆದೆ.

ಅಷ್ಟರಲ್ಲಿ ಮರಳಿ ಬಂದು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ನಿಂಗಪ್ಪ ಮೂಗು ಒರೆಸಿಕೊಂಡ. "ಬಾರವ್ವಾ, ನನ್ನ ಬಂಡಿ ನೋಡಬಾ, ಎಷ್ಟು ಜಾಗ ಐತಿ," ಎಂದು ಅವಳನ್ನು ಎತ್ತಿಕೊಂಡು ಹೋಗಿ ಖಾಲಿ ಬಂಡಿಯ ನಟ್ಟನಡುವೆ ಕೂರಿಸಿದ. ನಾವಿಬ್ಬರೂ ಹತ್ತಿದೆವು. ಆಡೂ ಹತ್ತಿತು, ಅದಕ್ಕೆ ವಾಹನಗಳೆಂದರೆ ಅಭ್ಯಾಸವಾಗಿತ್ತು. ಓಣಿಯ ಜನರೆದುರು, ಆಡು ಕದ್ದವನು, ಕಳವು ಮಾಲು, ಮಾಲಿನ ಯಜಮಾನ ಎಲ್ಲ ಒಟ್ಟಿಗೆ ಊರಿನ ಒಂದು ಸುತ್ತು ಮೆರವಣಿಗೆ ಹೊರಟೆವು.

"ಕೇಳವ್ವಾ," ಎಂದೆ. "ನಾಳೆ ಎಲ್ಲಿಗೆ ಹೋದ್ರೂ ಮೊದ್ಲು ನೀ ಹತ್ತಬೇಕು. ನೀ ಆನಿ ಅಷ್ಟು ದೊಡ್ಡಾಕಿ ಆದ್ರೂ ಮೊದ್ಲು ನೀನೇ. ಆಮ್ಯಾಗ ಜಾಗ ಉಳದ್ರ ಮಶೀನು."

"ಅವ್ವ?" ಎಂದಳು ಪಾರಿ.

"ನನ್ನ ನೆನಪು ಕೂಸಿಗೆ ಬಂತು, ಇವರಿಗೆ ಬರಲಿಲ್ಲ ನೋಡ್ರಿ ಯಣ್ಣಾ!" ಎಂದು ಶಾಂತವ್ವ ನಿಂಗಪ್ಪನಿಗೆ ದೂರು ಕೊಟ್ಟಳು.

ಸುತ್ತು ಮುಗಿಸಿ ನಮ್ಮನ್ನು ಮನೆಗೆ ಇಳಿಸಿ, ನಿಂಗಪ್ಪ ತನ್ನ ಆಡಿನೊಂದಿಗೆ ಮಾನ್ವಿಗೆ ಹೊರಟ. ಅಂದು ಪಾರಿ ಮೂರು ರೊಟ್ಟಿ ತಿಂದಳು. ನಡುನಡುವೆ ತಲೆಯೆತ್ತಿ ನನ್ನ ಮುಖ ನೋಡುತ್ತಿದ್ದಳು. ನಾನು "ಇನ್ನೊಂದು ಹಾಕು," ಎನ್ನುತ್ತಿದ್ದೆ.

ಮಾತೂ ಬಂತು. ಎಲ್ಲಿ ತುಂಬಿಟ್ಟಿದ್ದಳೋ, ಒಂದೇ ಸಲ ಬಂತು. ಮರುದಿನ ಮುಂಜಾನೆಯಿಂದ ಮಶೀನಿನ ಪಕ್ಕ ಕೂತು ಶುರುಮಾಡಿದಳು. ನಮ್ಮ ಗೋಡೆಯ ಇರುವೆಗೂ ಎದುರುಮನೆ ಇರುವೆಗೂ ಬೀಗತನವಂತೆ, ಮದುವೆಯಂತೆ, ಮದುವೆಗೆ ಬಂದವರ ಹೆಸರಂತೆ. ಮಧ್ಯಾಹ್ನದ ಹೊತ್ತಿಗೆ ಇರುವೆಗಳು ಇನ್ನೂ ಊಟಕ್ಕೇ ಕೂತಿರಲಿಲ್ಲ. ನನ್ನ ಕೈಯಲ್ಲಿ ಸ್ಟೇಷನ್ ಬಾಬೂ ಒಬ್ಬರ ಅಂಗಿ, ಸಂಜೆಗೆ ಕೊಡಬೇಕು.

"ಒಂದೀಟು ಸುಮ್ನ..." ಎಂದು ಬಾಯಿ ತೆರೆದೆ. ಒಲೆಯ ಮುಂದಿನಿಂದ ಶಾಂತವ್ವ ತಿರುಗಿ ನೋಡಿದಳು.

"...ಸುಮ್ನ ಕುಂದರಬ್ಯಾಡವ್ವಾ," ಎಂದೆ. "ಮುಂದೇನಾತು ಹೇಳು."

ಹೇಳಿದಳು. ಇರುವೆಗಳ ಮದುವೆ ಸಾಂಗವಾಗಿ ನೆರವೇರಿತು. ಸಂಜೆ ಬಾಬೂ ಸಾಹೇಬರು ಬಂದು ಅಂಗಿ ತೊಟ್ಟು ನೋಡಿದರು. ಎರಡೂ ತೋಳು ಎಡಗೈಯವೇ ಆಗಿದ್ದವು!