ಪಾಚಿ ಕಟ್ಟಿದ ಕಲ್ಲು

ಊರವರ ಹಲ್ಲಿನ ಪಾಚಿಯನ್ನೆಲ್ಲ ಕೆರೆದು ತೆಗೆದ ಡಾಕ್ಟರು, ಸ್ವಂತ ನಡುಮನೆಯ ಉಪ್ಪುನೀರಿನ ಮೀನುತೊಟ್ಟಿಯಲ್ಲಿದ್ದ ಒಂದು ಕಲ್ಲಿನ ಎದುರು ಕೈಚೆಲ್ಲಿ ಕೂತಿದ್ದರು.

ಕಲ್ಲು ಹೆಂಡತಿಯದು. ಸಮುದ್ರದಿಂದ ಬಂದದ್ದು, ಅದರ ತೂತುಗಳಲ್ಲಿ ಕಣ್ಣಿಗೆ ಕಾಣದ ಜೀವಿಗಳು ಸಂಸಾರ ಹೂಡಿವೆಯಂತೆ. "ಜೀವ ಇರೋ ಕಲ್ಲು ಕಣ್ರೀ ಇದು" ಎನ್ನುತ್ತಿದ್ದಳು. "ಹಾಗಾದ್ರೆ ಅದಕ್ಕೂ ಒಂದು ತಟ್ಟೆ ಇಡು" ಎಂದು ಡಾಕ್ಟರು ನಗುತ್ತಿದ್ದರು. ಅವಳು ತೀರಿಕೊಂಡ ಮೇಲೆ ನಗು ನಿಂತಿತು, ಕಲ್ಲು ಹಸಿರಾಯಿತು. ಅವಳು ಸಾಕಿದ್ದರಲ್ಲಿ ಉಳಿದದ್ದು ಆ ಕಲ್ಲು ಮತ್ತು ಒಂದು ಕಿತ್ತಳೆ ಮೀನು (ಗಂಡನನ್ನು ಲೆಕ್ಕಕ್ಕೆ ಹಿಡಿಯದಿದ್ದರೆ). ಅವೂ ಹೋದರೆ ಏನು ಗತಿ ಎಂದು ಅವರಿಗೆ ಸಂಕಟವಾಗುತ್ತಿತ್ತು.

ಕ್ಲಿನಿಕ್ಕಿನ ಸಲಕರಣೆ ತಂದು ಕೆರೆದರು. ವಾರದೊಳಗೆ ಪಾಚಿ ಮತ್ತೆ ಹಾಜರು. ಮನೆಯಲ್ಲಿ ಇನ್ನಿದ್ದವರು ಹೆಂಡತಿಯ ತಾಯಿ ಒಬ್ಬರೇ.

"ನೀವೇ ಏನೋ ಮಾಡ್ತಿದ್ದೀರಿ ಅತ್ತೆ!"

"ಚೆನ್ನಾಗಿದೆ! ನೀವು ಕೆರೆದದ್ದು ನಿಲ್ಲಲ್ಲ ಅಂತ ನಿಮ್ಮ ಪೇಶೆಂಟುಗಳೇ ಹೇಳ್ತಾರೆ ಅಳಿಯಂದ್ರೇ."

ಜಗಳ ಬಗೆಹರಿದದ್ದು, ಮೊನ್ನೆಯಷ್ಟೇ ತಂದ ಮೀನಿನ ಆಹಾರದ ಡಬ್ಬಿ ಖಾಲಿಯಾದಾಗ. ಅದರ ಬೆನ್ನ ಮೇಲೆ ಬರೆದದ್ದನ್ನು ಅತ್ತೆ ಒತ್ತಾಯ ಮಾಡಿ ಓದಿಸಿದರು: ಮಿಕ್ಕ ಆಹಾರ, ಸದಾ ಉರಿಯುವ ದೀಪ, ಇವೆರಡೇ ಪಾಚಿಯ ಪೋಷಕರು.

ಡಾಕ್ಟರು ಖಾಲಿ ಡಬ್ಬಿಯನ್ನು ಅಲ್ಲಾಡಿಸಿ ನೋಡಿದರು.

"ಬೆಳಿಗ್ಗೆ ನಾನು ಹಾಕ್ತೀನಿ. ಮಧ್ಯಾಹ್ನಾನೂ," ಎಂದರು ಅತ್ತೆ. "ಮಗಳಿಗೆ ಬಡಿಸಿದ ಕೈ, ಸುಮ್ನೆ ಇರಲ್ಲ."

"ಸಂಜೆ ನಾನು," ಎಂದರು ಡಾಕ್ಟರು. "ಅವಳು ಬಾಗಿಲಲ್ಲೇ 'ಊಟ ಆಯ್ತಾ' ಅಂತ ಕೇಳೋಳು. ಈಗ ಕೇಳೋರಿಲ್ಲ. ಅದಕ್ಕೆ ನಾನೇ ಮೀನನ್ನ ಕೇಳ್ತೀನಿ."

ದೀಪದ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ತೊಟ್ಟಿಯ ಪಕ್ಕ ಅವಳು ಕೂರುತ್ತಿದ್ದ ಕುರ್ಚಿ ಕತ್ತಲಲ್ಲಿ ಖಾಲಿ ಇರುವುದನ್ನು ನೋಡಲು ಇಬ್ಬರಿಗೂ ಧೈರ್ಯವಿರಲಿಲ್ಲ.

ಕೊನೆಗೆ ಒಪ್ಪಂದವಾಯಿತು. ಬೆಳಿಗ್ಗೆ ಒಂದೇ ಚಿಟಿಕೆ, ಅದು ಅತ್ತೆಯ ಪಾಲು. ಸಂಜೆ ದೀಪ ಆರಿಸುವುದು ಅಳಿಯನ ಪಾಲು. ಅತಿಯಾಗಿ ಉಣಿಸುವುದು ಪ್ರೀತಿಯಲ್ಲ, ಹಿಂಸೆ ಎಂದು ಡಾಕ್ಟರು ಒಂದು ಭಾಷಣವನ್ನೂ ಬಿಗಿದರು. ಅತ್ತೆ ತಲೆಯಾಡಿಸಿದರು.

ಪಾಚಿ ಕರಗುತ್ತ ಬಂತು, ಕಲ್ಲಿನ ನೇರಳೆ ಬಣ್ಣ ಇಣುಕಿತು. ಆದರೆ ಅತ್ತೆಯ ಕೈ ಇನ್ನೊಂದು ದಾರಿ ಹುಡುಕಿಕೊಂಡಿತ್ತು. ಡಾಕ್ಟರ ಪ್ಯಾಂಟಿನ ಗುಂಡಿ ಹೊಟ್ಟೆಯ ಮೇಲೆ ಕೂಡುತ್ತಿರಲಿಲ್ಲ. ಹಸಿವಿಲ್ಲ ಎಂದರೆ ಅತ್ತೆ ಕೇಳುವವರಲ್ಲ ಎಂದು, ಒಂದು ಸಂಜೆ ಡಾಕ್ಟರು ಉಪಾಯವಾಗಿ ಹೋಟೆಲಿನಲ್ಲೇ ಉಂಡು ಬಂದರು. ಮೀನು ಗಾಜಿನ ಹತ್ತಿರ ಬಂತು. ಏನೂ ಕೇಳದೆ ದೀಪ ಆರಿಸಿದರು. ಕುರ್ಚಿ ಕತ್ತಲಾಯಿತು. ಅಳು ಬಂತು.

ಅಡುಗೆಮನೆಯಿಂದ ಅತ್ತೆಯ ದನಿ: "ಅಳಿಯಂದ್ರೇ, ಊಟ ಆಯ್ತಾ?"

ಡಾಕ್ಟರು ಬೆಲ್ಟು ಸಡಿಲಿಸಿಕೊಂಡರು.

"ಇಲ್ಲ ಅತ್ತೆ," ಎಂದರು.