ಬೇಸ್‌ಮೆಂಟಿನಿಂದ ಮೆಡಿಕಲ್ ಕಾಲೇಜಿಗೆ

ನನ್ನ ನೆಗೆಣ್ಣಿಗೆ ತಲೆ ಕೆಟ್ಟಿದೆಯೆಂದು ಐದು ವರ್ಷ ಕಂಡಕಂಡವರಿಗೆಲ್ಲ ಸಾರಿದವಳು ನಾನು. ಟೊರಾಂಟೊ ಸುತ್ತಮುತ್ತಲಿನ ಕನ್ನಡಿಗರೆಲ್ಲ ಒಪ್ಪಿದರು. ಒಪ್ಪದವರು ಮೆಡಿಕಲ್ ಕಾಲೇಜಿನವರು ಮಾತ್ರ. ಅವರು ಅವಳಿಗೆ ಸೀಟು ಕೊಟ್ಟುಬಿಟ್ಟರು!

ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ. ಟೊರಾಂಟೊ ಪಕ್ಕದ ವಾನ್ ಊರಿನಲ್ಲಿ ನಮ್ಮದೆಲ್ಲ ಒಂದೇ ಮನೆ. ಮೇಲೆ ನಾವು, ಬೇಸ್‌ಮೆಂಟಿನಲ್ಲಿ ಅವರು, ಎರಡೂ ಕಡೆಯ ಸುದ್ದಿ ಸಾಗಿಸಲು ನಡುವೆ ಅತ್ತೆ. ಪಿಯುಸಿ ಮುಗಿದದ್ದೇ ಇವಳಿಗೆ ಮದುವೆಯಾಯಿತು, ಇಲ್ಲಿಗೆ ಬಂದಮೇಲೆ ಬ್ರ್ಯಾಂಪ್ಟನ್ನಿನ ವೇರ್‌ಹೌಸಿನಲ್ಲಿ ಡಬ್ಬ ಸ್ಕ್ಯಾನ್ ಮಾಡುವ ಕೆಲಸ. ನಾನೋ? ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಎಂ.ಎಸ್ಸಿ., ಚಿನ್ನದ ಪದಕ! ಡಾಕ್ಟರಾಗಬೇಕೆಂದು ಹಂಬಲಿಸಿದವಳು ನಾನು, ನಾಲ್ಕು ಅಂಕದಲ್ಲಿ ಸೀಟು ತಪ್ಪಿಸಿಕೊಂಡವಳೂ ನಾನೇ. ಈಗ ವುಡ್‌ಬ್ರಿಡ್ಜಿನ ಕ್ಲಿನಿಕ್ಕೊಂದರಲ್ಲಿ ಫೋನು ಎತ್ತಿ "ಡಾಕ್ಟರ್ ಬಿಜಿ ಇದ್ದಾರೆ" ಎನ್ನುತ್ತೇನೆ. ಹದಿನೈದು ವರ್ಷದಿಂದ ಅವರು ಬಿಜಿಯೇ ಇದ್ದಾರೆ.

ಹೀಗಿರುವಾಗ ಒಂದು ದಿನ ಈ ಮಹಾತಾಯಿ, ಬದನೆಕಾಯಿ ಹೆಚ್ಚುತ್ತ, "ಅಕ್ಕಾ, ನಾ ಆನ್‌ಲೈನ್ ಡಿಗ್ರಿಗೆ ಸೇರಿನ್ರಿ. ಅದು ಮುಗದಮ್ಯಾಲೆ ಮೆಡಿಕಲ್" ಎಂದಳು. ಉಪ್ಪು ತರಲು ಅಂಗಡಿಗೆ ಹೋಗುತ್ತೇನೆ ಎನ್ನುವಷ್ಟೇ ಸಲೀಸಾಗಿ!

"ಫೋನಿನ್ಯಾಗ ಪಿಜ್ಜಾ ತರಸಾಕ ಬರ್ತೈತಿ ನಮ್ಮವ್ವ. ಡಾಕ್ಟರ್‌ಕಿ ತರಸಾಕ ಬರೂದಿಲ್ಲ" ಎಂದೆ.

"ನೋಡೂಣ್ರಿ," ಎಂದು ಬದನೆಕಾಯಿಯನ್ನು ಎರಡು ಹೋಳು ಮಾಡಿ ಬೀಜ ನೋಡುತ್ತ ನಿಂತಳು. ಆವತ್ತು ಪಲ್ಯ ಆಗಲೇ ಇಲ್ಲ.

ಅವಳ ಓದನ್ನು ಏನೆಂದು ವರ್ಣಿಸಲಿ! ಸ್ನಾಯುಗಳ ಹೆಸರು ಬಾಯಿಪಾಠವಾಗಲೆಂದು ಮಲಗಿದ ಗಂಡನ ಮೈತುಂಬ ಚೀಟಿ ಅಂಟಿಸುತ್ತಿದ್ದಳು. ಪಾಪ, ಮೈದುನ ಒಂದು ಭಾನುವಾರ ಪರಿಚಯದವರ ಮನೆಯ ಪೂಜೆಗೆ ಅಂಗಿ ಬಿಚ್ಚಿ ಕೂತ. ಪುರೋಹಿತರು ಗೋತ್ರ ಕೇಳಿದರು. ಹಿಂದೆ ಕೂತಿದ್ದ, ಇಲ್ಲೇ ಹುಟ್ಟಿ ಬೆಳೆದ ಪುಟ್ಟ ಹುಡುಗಿಯೊಬ್ಬಳು ಅವನ ಬೆನ್ನಿನಲ್ಲೇ ಉಳಿದಿದ್ದ ಸ್ನಾಯುವಿನ ಚೀಟಿ ನೋಡಿ ಜೋರಾಗಿ ಓದಿ ಹೇಳಿದಳು: "ಟ್ರಪೀಜಿಯಸ್!" ಪುರೋಹಿತರು ಸಂಕಲ್ಪವನ್ನು ಅದರಲ್ಲೇ ಮುಗಿಸಿದರು.

ಪರೀಕ್ಷೆಯೂ ಮನೆಯಲ್ಲೇ. ಲ್ಯಾಪ್‌ಟಾಪಿನ ಕ್ಯಾಮರಾದಲ್ಲಿ ಎಲ್ಲಿಂದಲೋ ಒಬ್ಬ ಮೇಲ್ವಿಚಾರಕ ಕಣ್ಣಿಟ್ಟಿರುತ್ತಾನೆ, ಕೋಣೆಯಲ್ಲಿ ಬೇರೆ ನರಪಿಳ್ಳೆಯೂ ಇರಕೂಡದು. ಮೊದಲ ಪರೀಕ್ಷೆಗೇ ಅತ್ತೆ ಉಪ್ಪಿಟ್ಟಿನ ತಾಟು ಹಿಡಿದು ಒಳಗೆ ನುಗ್ಗಿದರು. ಪರದೆಯ ಮೇಲೆ ಗಂಡಸಿನ ಮುಖ!

"ಯಾರಪಾ ನೀ? ಬಾಳ ಸೊರಗೀಯಲ್ಲ, ಉಂಡಿಲ್ಲೇನು?"

ಆತ ಪರೀಕ್ಷೆ ನಿಲ್ಲಿಸಿದ. ಮುಂದಿನ ಪರೀಕ್ಷೆಗಳನ್ನೆಲ್ಲ ಅವಳು ಸೀರೆ ಕಪಾಟಿನ ಕೋಣೆಯೊಳಗೆ ಚಿಲಕ ಹಾಕಿಕೊಂಡು, ಇಳಕಲ್ ಸೀರೆಗಳ ಕೆಳಗೆ ಕೂತು ಬರೆದಳು. ಬರೆದದ್ದಷ್ಟೇ ಅಲ್ಲ, ಎಲ್ಲದರಲ್ಲೂ ತೊಂಬತ್ತರ ಮೇಲೆ! ನನಗೆ ಉರಿಯದೆ ಇರುತ್ತದೆಯೇ?

ಹೌದು, ಉರಿಯಿತು. ಸುಳ್ಳೇಕೆ ಹೇಳಲಿ? ಸಂಜೆ ಅವಳು ಶಿಫ್ಟಿನಿಂದ ಬಂದು ಚಹಾ ಕುಡಿಯುವಾಗ ಪಕ್ಕದಲ್ಲಿ ಕೂತು, "ಮೂತ್ರಪಿಂಡದ ಕೆಲಸ ಹೇಳು, ಹೃದಯದ ಕವಾಟ ಎಷ್ಟು?" ಎಂದು ಕೆದಕುತ್ತಿದ್ದೆ. ತಪ್ಪು ಹೇಳಿದಳೆಂದರೆ ಅಂದು ನನಗೆ ಎರಡು ರೊಟ್ಟಿ ಹೆಚ್ಚೇ ಸೇರುತ್ತಿದ್ದವು. ಬರಬರುತ್ತ ಅವಳ ತಪ್ಪು ಕಡಿಮೆಯಾಗಿ ನಾನು ಸಣ್ಣಗಾದೆ.

ಪ್ರವೇಶ ಪರೀಕ್ಷೆಯನ್ನೂ ದಾಟಿ ಸಂದರ್ಶನದ ಕರೆ ಬಂತು. ಅಭ್ಯಾಸ ಮಾಡಿಸಲು ನನ್ನನ್ನೇ ಕೇಳಿದಳು. ವಾಷಿಂಗ್ ಮಶೀನಿನ ಮುಂದೆ ಕುರ್ಚಿ ಹಾಕಿಕೊಂಡು ಕೂತು, ಐದು ವರ್ಷದ ಸಂಕಟವನ್ನೆಲ್ಲ ಒಂದೇ ಪ್ರಶ್ನೆಗೆ ತುಂಬಿದೆ: "ಮನಿಯಾಗ ಕುಂತು ಪರದೆ ನೋಡಿ ಕಲತಾಕಿ ನೀ. ನಿನ್ನ ಕೈಯಾಗ ಜೀವಂತ ಮನಷ್ಯಾನ್ನ ಯಾಕ ಕೊಡಬೇಕು?"

ಅವಳ ಮುಖ ಬಿಳಿಚಿತು. ಒಗೆದ ಟವೆಲ್ಲೊಂದನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ನನಗೆ ಒಂದು ಕ್ಷಣ ಹಾಯೆನಿಸಿತು. ಆಮೇಲೆ ಆ ರಾತ್ರಿ ಊಟವೇ ಇಳಿಯಲಿಲ್ಲ.

ಸಂದರ್ಶನ ಮುಗಿಸಿ ಬಂದವಳು ಬೂಟು ಕೂಡ ಬಿಚ್ಚದೆ ನನ್ನ ಕೊರಳಿಗೆ ಜೋತುಬಿದ್ದಳು. "ಅಕ್ಕಾ, ನೀವು ಕೇಳಿದ್ದನ್ನ ಅವ್ರೂ ಕೇಳಿದ್ರು! ಅಳೂದೆಲ್ಲ ಇಲ್ಲೇ ಅತ್ತು ಮುಗಿಸಿದ್ದೆ ನೋಡ್ರಿ, ಪಟಪಟ ಹೇಳಿಬಿಟ್ಟೆ. ಪಾಠ ಅಷ್ಟ ಪರದೆ ಮ್ಯಾಲಿತ್ತು, ದಿನಾ ಕೂಡಿಸ್ಕೊಂಡು ಪ್ರಶ್ನೆ ಕೇಳಾವ್ರು ಮನಿಯಾಗ ಇದ್ರು ಅಂದೆ."

ನೋಡಿದಿರಾ ನನ್ನ ಕರ್ಮ! ನನ್ನ ಹೊಟ್ಟೆಯ ಕಿಚ್ಚಿನಲ್ಲಿ ಅವಳು ಅಡುಗೆ ಮಾಡಿಕೊಂಡುಬಿಟ್ಟಿದ್ದಳು!

ಸೀಟು ಸಿಕ್ಕ ದಿನ ಅತ್ತೆ ಫೋನು ಹಿಡಿದು ಹುಬ್ಬಳ್ಳಿಗೆಲ್ಲ ಡಂಗುರ ಹೊಡೆದರು. "ನಮ್ಮ ಸೊಸಿ ಡಾಕ್ಟರ್ ಆಗ್ತಾಳವಾ!" ಆ ಕಡೆಯವರು ಯಾವ ಸೊಸೆಯೆಂದು ಕೇಳಿರಬೇಕು. "ಏ, ದೊಡ್ಡಾಕಿ ಅಲ್ಲ, ಸಣ್ಣಾಕಿ. ದೊಡ್ಡಾಕಿ ಡಾಕ್ಟರ್ ಅದಾರೋ ಇಲ್ಲೋ ಅಂತ ಹೇಳ್ತಾಳ." ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಕಾಲೇಜು ಶುರುವಾಗಿ ಎರಡು ವಾರವಾಗಿತ್ತು. ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಿದ್ದಾಗ ಅವಳು ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಕೂತಿದ್ದಳು.

"ಅಕ್ಕಾ, ಇವತ್ತ ಶವ ಕೊಯ್ಯೂ ಲ್ಯಾಬ್ ಐತ್ರಿ. ನಾ ಎಲ್ಲಾ ಪರದೆ ಮ್ಯಾಲೆ ನೋಡೀನಿ. ಒಂದ ಕಪ್ಪೆನೂ ಮುಟ್ಟಿಲ್ಲ. ಅಂಜಿಕಿ ಬರಾಕತ್ತೈತಿ. ನೀವು ಕಾಲೇಜಿನ್ಯಾಗ ಮೊದಲ ಸಲ ಹೆಂಗ ಮುಟ್ಟಿದ್ರಿ?"

ಅವಳ ಬಾಯಿಂದ ಅಂಜಿಕೆ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಎಷ್ಟು ಚಿಕ್ಕವಳಾಗಿ ಕಂಡಳು! ನಾನು ಕೊಯ್ದದ್ದು ಕಪ್ಪೆ, ಜಿರಳೆ. ಮನುಷ್ಯರ ವಿಚಾರ ನನಗೇನು ಗೊತ್ತು? ಆದರೂ ಬಾಯಿಗೆ ಬಂದದ್ದನ್ನು ಹೇಳಿದೆ.

"ಮೊದಲ ಮನಸಿನ್ಯಾಗ ಕೈ ಮುಗಿ. ಆಮ್ಯಾಲೆ ಮುಟ್ಟು. ನಿನಗ ಕಲಸಾಕಂತನ ಬಂದು ಮಲಗ್ಯಾರ ಅವ್ರು."

ತಲೆಯಾಡಿಸಿದಳು, ಏಳಲಿಲ್ಲ. ನಾನೇ ಕಾರು ತೆಗೆದೆ. ದಾರಿಯುದ್ದಕ್ಕೂ ನನ್ನ ಓಢಣಿಯ ತುದಿ ಅವಳ ಮುಷ್ಟಿಯಲ್ಲಿತ್ತು. ಕಾಲೇಜಿನ ಗಾಜಿನ ಬಾಗಿಲ ತನಕ ಜೊತೆಗೆ ಹೋದೆ. ಅಲ್ಲಿದ್ದ ಕಾವಲುಗಾರ ನನ್ನನ್ನು ತೋರಿಸಿ, ಇವರು ಯಾರೆಂದು ಇಂಗ್ಲಿಷಿನಲ್ಲಿ ಕೇಳಿದ.

"ಮೈ ಟೀಚರ್," ಎಂದು ಹೇಳಿ ಅವಳು ಒಳಗೆ ಹೋದಳು.

ನಾನು ಅಂದು ಕೆಲಸಕ್ಕೆ ಹೋಗಲಿಲ್ಲ. ಅವಳು ಹೊರಗೆ ಬರುವವರೆಗೆ ಪಾರ್ಕಿಂಗಿನಲ್ಲೇ, ಆ ಬಾಗಿಲನ್ನೇ ನೋಡುತ್ತ ಕೂತಿದ್ದೆ.